ಮೂರನೇ ದಿನದ ಎಡೆ

ಕರಿಯಪ್ಪ ಅಂಗಡಿಯಲ್ಲಿ ಉಪ್ಪು ಕೊಂಡರೂ ಒಂದು ಹರಳನ್ನು ನಾಲಿಗೆಗೆ ಹಾಕಿ ನೋಡುವ ಆಸಾಮಿ. ಕಾಫಿ ಮಾರುವಾಗ ವ್ಯಾಪಾರಿಯ ತಕ್ಕಡಿಯನ್ನು ನಂಬದೆ ಮನೆಯಲ್ಲೇ ಒಂದು ತಕ್ಕಡಿ ಇಟ್ಟುಕೊಂಡಿದ್ದ. ಮನಸ್ಸು ಸರಿಯಿಲ್ಲದ ದಿನ ಅದನ್ನೂ ನಂಬುತ್ತಿರಲಿಲ್ಲ. ಯಾರು ಏನೇ ಸುದ್ದಿ ತಂದರೂ ಅವನ ಬಾಯಿಂದ ಬರುವ ಮೊದಲ ಮಾತು, "ಕಣ್ಣಾರೆ ಕಂಡಿದ್ದೀಯಾ?" ಕೆ. ಹೊಸಕೋಟೆ ಸುತ್ತಿನ ಜನ ಅವನಿಗೆ ಸುದ್ದಿ ಹೇಳುವುದನ್ನೇ ಬಿಟ್ಟಿದ್ದರು. ಹೆಂಡತಿ ಸರೋಜಮ್ಮ ಮದುವೆಯಾದ ಹೊಸದರಲ್ಲಿ ಈ ಪ್ರಶ್ನೆಗೆ ಕಣ್ಣೀರು ಹಾಕಿದ್ದಳು, ಆಮೇಲೆ ನಗಲು ಕಲಿತಳು.

ಅಂಥವನ ಒಬ್ಬಳೇ ಮಗಳು ಬಿಂದುಶ್ರೀ, ಸಕಲೇಶಪುರದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಲ್ಯಾನ್ಸಿ ಎಂಬ ಕ್ರೈಸ್ತರ ಹುಡುಗನನ್ನು ಮೆಚ್ಚಿದಳು. ಹಠ ಹಿಡಿದು ಗೆದ್ದಳು. ಚರ್ಚಿನಲ್ಲಿ ತಲೆಗೆ ನೀರು ಹಾಕಿಸಿಕೊಂಡು ಅವರ ಮತಕ್ಕೆ ಸೇರಿ ಮದುವೆಯೂ ಆದಳು. ಕರಿಯಪ್ಪ ಒಪ್ಪಿಗೆ ಕೊಟ್ಟ, ಅನುಮಾನವನ್ನು ಮಾತ್ರ ತನ್ನ ಹತ್ತಿರವೇ ಇಟ್ಟುಕೊಂಡ. ಮಗಳ ಮನೆಗೆ ಹೋದಾಗಲೆಲ್ಲ ನೀರು ಕುಡಿಯುವ ನೆಪದಲ್ಲಿ ಅಡಿಗೆಮನೆಗೆ ನುಗ್ಗಿ, ಹುಡುಗಿಗೆ ಹೊಟ್ಟೆ ತುಂಬ ಹಾಕುತ್ತಾರೋ ಇಲ್ಲವೋ ಎಂದು ಪಾತ್ರೆಗಳ ಮುಚ್ಚಳ ಎತ್ತಿ ನೋಡುತ್ತಿದ್ದ. ಬಿಂದುವಿನ ಅತ್ತೆ ಸೆವ್ರಿನಮ್ಮ ಬಾಗಿಲಲ್ಲಿ ನಿಂತು, "ಅಟ್ಟದ ಮೇಲೆ ಇನ್ನೊಂದು ಪಾತ್ರೆ ಉಂಟು ಬೀಗ್ರೇ, ಅದನ್ನೂ ನೋಡಿ" ಅನ್ನುತ್ತಿದ್ದಳು. ಆ ಹೆಂಗಸು ತಮಾಷೆ ಮಾಡುತ್ತಿದ್ದಾಳೋ ಚುಚ್ಚುತ್ತಿದ್ದಾಳೋ ಎಂಬುದರಲ್ಲೂ ಅವನಿಗೆ ಅನುಮಾನ.

ಆ ಬಿಂದು ಈಗ ಇಲ್ಲ. ಡೆಂಗ್ಯೂ ಜ್ವರ ಬಂತು, ಹಾಸನದ ಆಸ್ಪತ್ರೆಗೆ ಸೇರಿಸಿದರು, ಗುರುವಾರ ಸಂಜೆ ಹೋಗಿಬಿಟ್ಟಳು. ಶುಕ್ರವಾರ ಮಣ್ಣು. ಇದನ್ನು ಇದಕ್ಕಿಂತ ಉದ್ದವಾಗಿ ಹೇಳುವ ಶಕ್ತಿ ಕರಿಯಪ್ಪನಿಗೆ ಇರಲಿಲ್ಲ, ನಮಗೂ ಬೇಡ.

ಮಣ್ಣಿನ ದಿನ ಅವನ ಕಣ್ಣಿಗೆ ಬಿದ್ದದ್ದು ಒಂದೂ ಸರಿ ಕಾಣಲಿಲ್ಲ. ಚರ್ಚಿನ ಒಳಗೆ ಮೂರ್ತಿಗಳಿಗೆಲ್ಲ ನೇರಳೆ ಬಟ್ಟೆ ಹೊದಿಸಿ ಮುಚ್ಚಿದ್ದರು. ದೇವರನ್ನು ಮುಚ್ಚಿಡುವಂಥದ್ದು ಏನು ನಡೆಯುತ್ತಿದೆ ಇಲ್ಲಿ? ಮೇಲೆ ಅಷ್ಟು ದೊಡ್ಡ ಗಂಟೆ ಇದ್ದರೂ ಬಾರಿಸಲಿಲ್ಲ. ಯಾರೋ ಒಂದು ಮರದ ಹಲಗೆಯನ್ನು ಟಕಟಕ ಬಡಿದರು. ಹಿಂದೆ ಇದೇ ಬೀದಿಯ ಮುದುಕನೊಬ್ಬ ತೀರಿಕೊಂಡಾಗ ಆ ಗಂಟೆ ಬಾರಿಸಿದ್ದನ್ನು ಕರಿಯಪ್ಪ ಕಿವಿಯಾರೆ ಕೇಳಿದ್ದ. ತಮ್ಮವರಿಗಾದರೆ ಗಂಟೆ, ನನ್ನ ಮಗಳಿಗೆ ಹಲಗೆ!

ಎಲ್ಲಕ್ಕಿಂತ ಹೆಚ್ಚಾಗಿ, ಇವರು ಅಳಲಿಲ್ಲ, ಹಾಡಿದರು. ಲ್ಯಾನ್ಸಿ ಗೋಡೆಗೆ ತಲೆ ಕೊಟ್ಟು ಅತ್ತದ್ದೇನೋ ನಿಜ, ಅದನ್ನು ಕರಿಯಪ್ಪ ಲೆಕ್ಕಕ್ಕೆ ಹಿಡಿಯಲಿಲ್ಲ. ಅವನ ಕಣ್ಣೆಲ್ಲ ಸೆವ್ರಿನಮ್ಮನ ಮೇಲೆ. ಆಕೆಯ ಕಣ್ಣಲ್ಲಿ ಒಂದು ತೊಟ್ಟು ನೀರಿರಲಿಲ್ಲ. ಪಾದ್ರಿ, "ಈಕೆ ನಿದ್ರಿಸಿದ್ದಾಳೆ, ಯೇಸುಸ್ವಾಮಿ ಎದ್ದಂತೆ ಎದ್ದು ಬರುತ್ತಾಳೆ" ಎಂದಾಗ ಅವನಿಗೆ ಮೈಯೆಲ್ಲ ಉರಿಯಿತು. ಮಗಳ ಮೇಲೆ ಮಣ್ಣು ಹಾಕಲು ಬೊಗಸೆ ತುಂಬಿ ನಿಂತವನಿಗೆ ಹೇಳುವ ಮಾತೇ ಇದು?

ಹೊರಡುವಾಗ ಸೆವ್ರಿನಮ್ಮ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಬೀಗ್ರೇ, ನಿಮ್ಮಲ್ಲಿ ಮೂರನೇ ದಿನ ಏನೋ ಇಡುವ ಕ್ರಮ ಉಂಟಂತಲ್ಲ, ಬಿಂದು ಹೇಳ್ತಿದ್ದಳು. ಏನೇನು ಇಡ್ತೀರಿ?"

"ಏನೂ ಇಲ್ಲ ಕಣ್ರೀ. ಅವೆಲ್ಲ ಹಿಂದ್ಲ ಕಾಲದ್ದು" ಎಂದ ಕರಿಯಪ್ಪ. ಕೇಳಿಕೊಂಡು ಅಡ್ಡ ಹಾಕಲಿಕ್ಕೇ ಕೇಳುತ್ತಿದ್ದಾಳೆ, ಭಾನುವಾರ ಗೇಟಿಗೆ ಬೀಗ ಜಡಿದರೂ ಜಡಿದಾಳು ಎಂದು ಅವನ ಲೆಕ್ಕ.

ಕ್ರಮ ಇಲ್ಲದೆ ಏನು? ಮೂರನೇ ದಿನ ಹಾಲು ತುಪ್ಪ ಬಿಡಬೇಕು. ಸತ್ತವರಿಗೆ ಇಷ್ಟವಾದ ಅಡಿಗೆ ಮಾಡಿ, ಗೋರಿಯ ಮೇಲೆ ಬಾಳೆಲೆಯಲ್ಲಿ ಎಡೆ ಇಟ್ಟು, ದೂರ ನಿಂತು ಕಾಯಬೇಕು. ಕಾಗೆ ಬಂದು ಮುಟ್ಟಿದರೆ ಜೀವಕ್ಕೆ ನೆಮ್ಮದಿ. ಮುಟ್ಟದಿದ್ದರೆ ಏನೋ ಕೊರಗು ಉಳಿದಿದೆ ಎಂದರ್ಥ. ಶನಿವಾರ ಪೂರ್ತಿ ಸರೋಜಮ್ಮ ಇದೊಂದನ್ನೇ ಹೇಳುತ್ತಿದ್ದಳು. ಅವರ ಮನೆತನದಲ್ಲಿ ಹೆಂಗಸರು ಗೋರಿಯ ಹತ್ತಿರ ಹೋಗುವ ಪದ್ಧತಿ ಇರಲಿಲ್ಲ. "ಚಿಕ್ಕ ವಯಸ್ಸು ಕಣ್ರೀ ಅವ್ಳದ್ದು, ಏನೇನು ಆಸೆ ಇತ್ತೋ. ಕಾಗೆ ಮುಟ್ಟಿದ್ದ ನೀವು ಕಣ್ಣಾರೆ ಕಂಡು ಬಂದು ನಂಗೇಳ್ಬೇಕು. ಅಲ್ಲೀಗಂಟ ನಂಗೆ ಒಂದು ತುತ್ತೂ ಇಳಿಯಾಕಿಲ್ಲ."

ಅಣ್ಣ ಭೂತಯ್ಯ ಸಮಾಧಾನ ಹೇಳಲು ಬಂದವನು ಇನ್ನೊಂದು ಹುಳ ಬಿಟ್ಟು ಹೋದ. "ಅವ್ರ ದೇವ್ರುದ್ದೂ ಹಂಗೇ ಕಣೋ. ಮೂರನೇ ದಿನ ನೋಡುದ್ರೆ ಗೋರಿ ಖಾಲಿ. ಎದ್ದು ಹೋದ ಅಂದ್ಬುಟ್ರು. ಯಾರೋ ಎತ್ಕೊಂಡು ಹೋಗಿರ್ತಾರೆ, ಇನ್ನೇನು?"

"ನೀನು ಕಣ್ಣಾರೆ ಕಂಡಿದ್ದೀಯಾ?" ಎಂದ ಕರಿಯಪ್ಪ ಅಭ್ಯಾಸಬಲದಿಂದ. ಆದರೆ ಹುಳ ಒಳಗೇ ಉಳಿಯಿತು.

ಭಾನುವಾರ ಸರೋಜಮ್ಮ ಕತ್ತಲಿರುವಾಗಲೇ ಎದ್ದು ಅಕ್ಕಿರೊಟ್ಟಿ ಸುಟ್ಟಳು, ಒಣಮೀನು ಹುರಿದಳು. ಬಿಂದುವಿಗೆ ಒಣಮೀನೆಂದರೆ ಪ್ರಾಣ. ತಟ್ಟೆಯಲ್ಲಿ ಮೀನನ್ನು ಮೊದಲು ತಿಂದು ಮುಗಿಸಿ, ಅನ್ನಕ್ಕೆ ಏನೂ ಇಲ್ಲವೆಂದು ಅಳುತ್ತಿದ್ದ ಹುಡುಗಿ ಅದು. ಕರಿಯಪ್ಪ ಕ್ಯಾರಿಯರ್ ಹಿಡಿದು ಮೊದಲ ಬಸ್ಸಿಗೆ ಆಲೂರಿಗೆ ಬಂದು, ಅಲ್ಲಿಂದ ಸಕಲೇಶಪುರದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ತೋಟಗಳಲ್ಲಿ ಕಾಫಿ ಹೂವು ಬಿಟ್ಟು ಗಿಡವೆಲ್ಲ ಬೆಳ್ಳಗಾಗಿತ್ತು. ಬೇರೆ ವರ್ಷವಾಗಿದ್ದರೆ ಯಾರ ತೋಟದಲ್ಲಿ ಎಷ್ಟು ಹೂವು ಎಂದು ಕಿಟಕಿಯಿಂದ ಕತ್ತು ಹೊರಹಾಕಿ ನೋಡುತ್ತಿದ್ದ.

ಚರ್ಚಿನ ಏರು ಹತ್ತುವಾಗ ಗಂಟೆ ಕೇಳಿಸಿತು. ಹಲಗೆಯಲ್ಲ, ಗಂಟೆ, ಅದೂ ನಿಲ್ಲದ ಹಾಗೆ. ಹೊಸ ಬಟ್ಟೆ ತೊಟ್ಟ ಜನ ಪೂಜೆ ಮುಗಿಸಿ ನಗುನಗುತ್ತಾ ಕೈಕುಲುಕುತ್ತಿದ್ದರು. ಮಗಳ ಮಣ್ಣು ಇನ್ನೂ ಹಸಿಯಾಗಿದೆ, ಇವರಿಗೆ ಹಬ್ಬ! ಕರಿಯಪ್ಪ ಯಾರ ಮುಖವನ್ನೂ ನೋಡದೆ ಚರ್ಚಿನ ಹಿಂದಕ್ಕೆ ನಡೆದ. ಅಲ್ಲಿ, ಎಸ್ಟೇಟಿನ ಬೇಲಿಗೆ ತಾಗಿದಂತೆ ಸ್ಮಶಾನ. ಗೇಟಿಗೆ ಬೀಗವಿರಲಿಲ್ಲ. ಅದಕ್ಕೂ ಅನುಮಾನಪಟ್ಟ.

ಗೋರಿ ಕಂಡದ್ದೇ ಕ್ಯಾರಿಯರ್ ಕೆಳಗಿಟ್ಟು ಓಡಿದ.

ಹೂಮಾಲೆಗಳು ಚೆಲ್ಲಾಪಿಲ್ಲಿಯಾಗಿದ್ದವು. ತಲೆಯ ಕಡೆ ನೆಟ್ಟಿದ್ದ ಮರದ ಶಿಲುಬೆ ವಾಲಿತ್ತು. ಶುಕ್ರವಾರ ತಾನೇ ಕೈಯಲ್ಲಿ ತಟ್ಟಿ ಕೂಡಿಸಿದ್ದ ಮಣ್ಣನ್ನು ಯಾರೋ ಅಗೆದಿದ್ದರು. ಭೂತಯ್ಯನ ಮಾತು ಒಳಗಿನಿಂದ ಎದ್ದು ಬಂತು. ಅಷ್ಟರಲ್ಲಿ ಬೇಲಿಯ ಕಡೆಯಿಂದ ಸೆವ್ರಿನಮ್ಮ ಬಂದಳು. ಹಬ್ಬದ ಬಿಳಿ ಸೀರೆಯ ಅಂಚಿಗೆ ಮಣ್ಣು ಮೆತ್ತಿತ್ತು. ಕೈಯಲ್ಲಿ ಗುದ್ದಲಿ.

"ಏನ್ ಮಾಡುದ್ರಿ ನನ್ನ ಮಗಳ್ನ?" ಕರಿಯಪ್ಪನ ದನಿ ಚರ್ಚಿನ ಮುಂಬಾಗಿಲವರೆಗೂ ಹೋಗಿರಬೇಕು. "ಯಾಕ್ ಅಗುದ್ರಿ? ಎದ್ದು ಬತ್ತಾಳೆ ಅಂದ್ರಲ್ಲ, ನೀವೇ ಎಬ್ಬುಸ್ಕೊಂಡು ಹೋದ್ರಾ?"

"ಮೆಲ್ಲ ಮಾರಾಯ್ರೇ, ಮೆಲ್ಲ!" ಸೆವ್ರಿನಮ್ಮ ಹಿಂದೆ ತಿರುಗಿ ನೋಡಿದಳು. "ಫಾದರಿಗೆ ಕೇಳಿಸ್ತದೆ. ಹಂದಿ ಅಗೆದದ್ದು ಬೀಗ್ರೇ. ಮಣ್ಣು ಸರಿ ಮಾಡ್ಲಿಕ್ಕೆ ಅಂತ ಗುದ್ದಲಿ ತಂದೆ."

ನಂಬುವ ಪೈಕಿಯೇ ಕರಿಯಪ್ಪ? ಕುಕ್ಕರಗಾಲಲ್ಲಿ ಕೂತು ಮಣ್ಣು ನೋಡಿದ. ಸೀಳಿದ ಗೊರಸಿನ ಗುರುತುಗಳಿದ್ದವು, ಬೇಲಿಯಿಂದ ಬಂದು ಬೇಲಿಗೇ ಹೋಗಿದ್ದವು. ಅಗೆದದ್ದು ಒಂದು ಗೇಣು ಆಳವೂ ಇರಲಿಲ್ಲ; ಅದರ ಕೆಳಗೆ ಮಣ್ಣು ಬಿಗಿಯಾಗಿಯೇ ಇತ್ತು. ಕಾಡುಹಂದಿಯೇ, ಸುಳ್ಳಲ್ಲ. ಮಗಳು ಅಲ್ಲೇ ಇದ್ದಾಳೆ ಎಂದು ಗೊತ್ತಾಗಿ ಒಂದು ಗಳಿಗೆ ಜೀವ ಬಂದಂತಾಯಿತು. ಅಲ್ಲೇ ಇದ್ದಾಳೆ ಎನ್ನುವುದೇ ಸಂತೋಷವಾಗುವಂಥ ಕಾಲ ಬಂತಲ್ಲ ಎನಿಸಿತು ಮರುಗಳಿಗೆ.

"ಬರೀ ಮಣ್ಣಿಗೆ ಹಂದಿ ಯಾಕ್ ಬಂತು?" ಎಂದು ಕೇಳಿದ, ಬಿಡದೆ.

ಸೆವ್ರಿನಮ್ಮ ಗುದ್ದಲಿ ಕೆಳಗಿಟ್ಟಳು. "ನಾನು ಎಡೆ ಇಟ್ಟಿದ್ದೆ."

ಕರಿಯಪ್ಪ ಮುಖ ಎತ್ತಿದ.

"ನೀವು ಏನೂ ಇಲ್ಲ ಅಂದ್ರಿ. ಆದ್ರೆ ಅವಳ ಅಜ್ಜಿ ಹೋದಾಗ ಇಟ್ಟದ್ದನ್ನು ಬಿಂದು ನನಗೆ ಕಥೆ ಹಾಗೆ ಹೇಳಿದ್ದಳು. ಬೆಳಕು ಹರಿಯುವಾಗ ಬಂದು ಎಲೆ ಹಾಕಿ ಅನ್ನ, ಒಣಮೀನು ಇಟ್ಟೆ. ಕಾಗೆ ಬಂತು, ಮುಟ್ಟಿತು. ಆಮೇಲೆ ಪೂಜೆಗೆ ಹೋದೆ. ಉಳಿದದ್ದರ ವಾಸನೆಗೆ ಹಂದಿ ಬಂದಿರ್ಬೇಕು, ಎಲೆ ಸಮೇತ ತಿಂದು ಹೋಗಿದೆ. ಫಾದರಿಗೆ ಹೇಳ್ಬೇಡಿ. ನಮ್ಮಲ್ಲಿ ಸತ್ತವರಿಗೆ ಪ್ರಾರ್ಥನೆ ಮಾಡುದು ಉಂಟು, ಊಟ ಇಡುದಿಲ್ಲ."

ಕರಿಯಪ್ಪ ಎದ್ದ. ಗುದ್ದಲಿ ತೆಗೆದುಕೊಂಡು ತಾನೇ ಮಣ್ಣು ಏರಿಸಿ, ಶಿಲುಬೆಯನ್ನು ನೆಟ್ಟಗೆ ಮಾಡಿದ. ಹಾಲು ತುಪ್ಪ ಬಿಟ್ಟ, ಎಲೆ ಹಾಸಿದ, ಸರೋಜಮ್ಮ ಕಟ್ಟಿಕೊಟ್ಟಿದ್ದನ್ನೆಲ್ಲ ಬಡಿಸಿದ. ಪರರ ಕಾಗೆ ತನಗೆ ಬೇಡ. ತನ್ನ ಕಣ್ಣೆದುರೇ ಮುಟ್ಟಬೇಕು. ಇಬ್ಬರೂ ಚರ್ಚಿನ ಹಿಂಗೋಡೆಯ ಹತ್ತಿರ ಹೋಗಿ ನಿಂತರು.

ಕಾಗೆ ಬರಲಿಲ್ಲ. ಎಸ್ಟೇಟಿನ ಸಿಲ್ವರ್ ಓಕ್ ಮರದ ಮೇಲೆ ಒಂದೆರಡು ಕೂತಿದ್ದವು, ಗಂಟೆ ಮತ್ತೆ ಬಾರಿಸಿದ್ದೇ ಹಾರಿಹೋದವು. ಕರಿಯಪ್ಪ ಕಾಕಾ ಎಂದು ಕೂಗಿದ, ಕೈ ಮುಗಿದ. "ನಿಮ್ಮವ್ವನ್ನ ಚೆಂದಾಗಿ ನೋಡ್ಕೊಂತೀನಿ ಕಣವ್ವ. ನಿನ್ನ ಗಂಡನ್ನ ದೂರ ಮಾಡಾಕಿಲ್ಲ. ಬಂದು ಮುಟ್ಟವ್ವ." ಬಿಸಿಲು ಏರಿತು, ಎಲೆಯ ತುದಿ ಬಾಡಿತು, ಇರುವೆ ಹತ್ತಿತು. ಸರೋಜಮ್ಮನಿಗೆ ಏನು ಹೇಳುವುದು?

"ಅದು ಆಗ್ಲೇ ಮುಟ್ಟಿದೆ ಬೀಗ್ರೇ" ಎಂದಳು ಸೆವ್ರಿನಮ್ಮ.

"ನೀವು ಕಣ್ಣಾರೆ ಕಂಡ್ರಾ?"

"ಕಂಡೆ. ಮೀನು ಮೊದಲು ಎತ್ತಿತು. ಅನ್ನ ಆಮೇಲೆ."

"ಬೇರೆ ಯಾರಾದ್ರೂ ಕಂಡೋರು ಅವ್ರಾ?"

"ಇಲ್ಲ. ನಾನೊಬ್ಬಳೇ."

ಮೀನು ಮೊದಲು. ಆದರೂ ಕರಿಯಪ್ಪನನ್ನು ಅನುಮಾನ ಬಿಡಲಿಲ್ಲ. ಸೊಸೆ ಹೇಗೆ ತಿನ್ನುತ್ತಿದ್ದಳೆಂದು ಈಕೆಗೂ ಗೊತ್ತೇ ಇರುತ್ತದಲ್ಲ. "ಎದ್ದು ಬತ್ತಾಳೆ ಅಂತ ಹಾಡುದ್ರಿ. ಎದ್ದು ಬರೋಳ್ಗೆ ಎಡೆ ಯಾಕೆ?"

ಸೆವ್ರಿನಮ್ಮ ಗೋರಿಯ ಕಡೆ ತಿರುಗಿದಳು. "ನಮ್ಮ ಸ್ವಾಮಿ ಎದ್ದು ಬಂದಾಗ ಶಿಷ್ಯರೆಲ್ಲ ಭೂತ ಅಂತ ಹೆದರಿದರಂತೆ. ಆಗ ಅವರು, ತಿನ್ಲಿಕ್ಕೆ ಏನಾದ್ರೂ ಉಂಟಾ ಅಂತ ಕೇಳಿದರು. ಶಿಷ್ಯರು ಒಂದು ತುಂಡು ಮೀನು ಕೊಟ್ಟರು, ಸ್ವಾಮಿ ಅವರ ಮುಂದೆಯೇ ತಿಂದರು. ಎದ್ದದ್ದು ಹೊಗೆಯಲ್ಲ ಬೀಗ್ರೇ, ಹಸಿವೆ ಇರುವ ಮನುಷ್ಯನೇ, ಕೈಕಾಲಿನ ಗಾಯದ ಸಮೇತ. ಬಿಂದುವೂ ಹಾಗೇ ಬರ್ಬೇಕು ನನಗೆ. ಮೀನು ಕೇಳಿಕೊಂಡು ಬರ್ಬೇಕು."

"ಅವ್ರು ಎದ್ದಿದ್ದ ಯಾರು ಕಂಡ್ರು?"

"ಏಳುದನ್ನು ಯಾರೂ ಕಾಣಲಿಲ್ಲ. ಮೂರನೇ ದಿನ ಬೆಳಿಗ್ಗೆ ಗೋರಿಗೆ ಹೋದದ್ದು ಹೆಂಗಸರು. ಓಡಿ ಬಂದು ಹೇಳಿದರೆ ಗಂಡಸರೆಲ್ಲ ಹುಚ್ಚು ಮಾತು ಅಂದರು." ಆಕೆ ಸೆರಗಿನಿಂದ ಕೈಯ ಮಣ್ಣು ಒರೆಸಿಕೊಂಡಳು. "ಆ ಹೆಂಗಸರ ಮಾತು ಸುಳ್ಳಾದರೆ ನನ್ನ ಹತ್ತಿರ ಏನೂ ಇಲ್ಲ. ಈ ಚರ್ಚು, ಪೂಜೆ, ಶುಕ್ರವಾರ ಹಾಡಿದ್ದು, ಎಲ್ಲ ಸುಳ್ಳು. ಬಿಂದು ಬರೀ ಈ ಮಣ್ಣು. ಅವತ್ತು ಮಣ್ಣು ಹಾಕುವಾಗ ನನಗೂ ಅನುಮಾನ ಬಂತು ಬೀಗ್ರೇ. ಅತ್ತರೆ ಅದು ಪೂರ್ತಿ ಹೊರಗೆ ಬಂದುಬಿಡ್ತದೆ ಅಂತ ಹಲ್ಲು ಕಚ್ಚಿ ನಿಂತೆ. ಆ ಶುಕ್ರವಾರ ನಮ್ಮ ಸ್ವಾಮಿ ಸತ್ತ ದಿನ, ಮೂರ್ತಿಗಳಿಗೆ ಬಟ್ಟೆ ಮುಚ್ತೇವೆ, ಗಂಟೆ ಬಾರಿಸುದಿಲ್ಲ, ಯಾರಿಗೂ. ಆ ಹಲಗೆಯ ಶಬ್ದ ಕೇಳಿ ನನಗೆ ಎದೆ ಒಡೆದುಹೋಯ್ತು. ನಿನ್ನೆ ರಾತ್ರಿ ಸ್ವಾಮಿ ಎದ್ದ ಹಬ್ಬಕ್ಕೆ ಗಂಟೆ ಬಾರಿಸಿದರು. ಆಗಲೂ ಪೂರ್ತಿ ಧೈರ್ಯ ಬರಲಿಲ್ಲ. ಅದಕ್ಕೇ ಎಡೆ ಇಟ್ಟೆ." ಹೇಳುತ್ತಾ ಹೇಳುತ್ತಾ ಆಕೆ ಮುಖಕ್ಕೆ ಸೆರಗು ಒತ್ತಿಕೊಂಡು ಬಿಕ್ಕಿದಳು.

ಕರಿಯಪ್ಪ ಬಾಡಿದ ಎಲೆ ನೋಡುತ್ತಾ ಯೋಚಿಸಿದ. ತೂಕದಲ್ಲಿ ಮೋಸ ಮಾಡುವವನನ್ನು ಅವನು ದೂರದಿಂದಲೇ ಗುರುತು ಹಿಡಿಯುತ್ತಿದ್ದ. ಸುಳ್ಳು ಹೇಳುವವರು ತಮಗೆ ಒದಗುವ ಸುಳ್ಳನ್ನೇ ಹೇಳುತ್ತಾರೆ. ಈ ಹೆಂಗಸಿಗೆ ಏನು ಒದಗಿತು? ತಮ್ಮಲ್ಲಿ ಸಲ್ಲದ್ದನ್ನು ಮಾಡಿದ್ದಾಳೆ, ಪಾದ್ರಿಗೆ ಹೆದರುತ್ತಿದ್ದಾಳೆ, ತನ್ನ ನಂಬಿಕೆ ಅಲುಗಿದ್ದನ್ನು ತನ್ನನ್ನು ಎಂದೂ ನಂಬದವನ ಮುಂದೆ ಒಪ್ಪಿಕೊಂಡಿದ್ದಾಳೆ. ಆದರೂ ಇದು ಸಾಕ್ಷಿಯಲ್ಲ. ಆಕೆ ಇಟ್ಟ ಎಲೆ ಇಲ್ಲ, ಕಾಗೆ ಇಲ್ಲ, ಇರುವುದು ಒಬ್ಬಳ ಮಾತು. ತೆಗೆದುಕೊಂಡರೆ ಉಂಟು, ಬಿಟ್ಟರೆ ಏನೂ ಇಲ್ಲ.

"ಎಲೆ ಇಲ್ಲೇ ಇರ್ಲಿ" ಎಂದ ಕೊನೆಗೆ. "ಹಂದಿ ಬರದಂಗೆ ನೋಡ್ಕಳಿ, ಬೀಗ್ರೇ." ಆ ಹೆಂಗಸನ್ನು ಅವನು ಬೀಗ್ರೇ ಎಂದು ಕರೆದದ್ದು ಅದೇ ಮೊದಲು.

ಮಧ್ಯಾಹ್ನ ಮನೆ ಮುಟ್ಟಿದಾಗ ಸರೋಜಮ್ಮ ಜಗಲಿಯ ಕಂಬ ಹಿಡಿದು ನಿಂತಿದ್ದಳು. ಕಾಲಿಗೆ ನೀರು ಕೊಡುವುದನ್ನೂ ಮರೆತಿದ್ದಳು.

"ಮುಟ್ತಾ?"

"ಮುಟ್ತು ಕಣೆ. ಮೀನು ಮೊದ್ಲು ಎತ್ಕೊಂತಂತೆ."

ಸರೋಜಮ್ಮನ ಮುಖ ಸಡಿಲವಾಯಿತು, ಮತ್ತೆ ಬಿಗಿಯಿತು. ಕರಿಯಪ್ಪನ ಬಾಯಲ್ಲಿ ಇಂಥ ಮಾತನ್ನು ಅವಳು ಎಂದೂ ಕೇಳಿರಲಿಲ್ಲ. "ಎತ್ಕೊಂತಂತೆ ಅಂದ್ರೆ? ನೀವು ಕಣ್ಣಾರೆ ಕಾಣ್ನಿಲ್ವಾ?"

"ಇಲ್ಲ. ಬೀಗಿತಿ ಕಂಡವ್ರೆ. ಬೆಳಗಾಗೆ ಹೋಗಿದ್ರಂತೆ. ಅವ್ರು ಹೇಳುದ್ರು."

"ನೀವು ನಂಬುದ್ರಾ?"

"ನಂಬಿದೀನಿ ಕಣೆ" ಎಂದ ಕರಿಯಪ್ಪ. ಕ್ಯಾರಿಯರ್ ಕೆಳಗಿಟ್ಟ. ಶುಕ್ರವಾರದಿಂದ ಯಾರು ಅತ್ತರು, ಯಾರು ಅಳಲಿಲ್ಲ ಎಂದು ಎಲ್ಲರ ಕಣ್ಣು ನೋಡಿಕೊಂಡು ತಿರುಗಿದ್ದವನು ತಾನು ಮಾತ್ರ ಅತ್ತಿರಲಿಲ್ಲ. ಈಗ ಜಗಲಿಯ ಮೇಲೆ ಕೂತು, ಹೆಂಡತಿಯ ಸೆರಗು ಹಿಡಿದುಕೊಂಡು ಜೋರಾಗಿ ಅತ್ತ.