ಟೋನ್ ಇದ್ದ ಲೈನು

ಮೂವತ್ತು ವರ್ಷ ಟೆಲಿಫೋನ್ ಕಂಬ ಹತ್ತಿ ಇಳಿದ ಲೈನ್‌ಮನ್‌ಗೆ ಕೇಬಲ್ಲೆಂದರೆ ಟೀವಿ ನೋಡುವವರ ತಂತಿ, ಅಷ್ಟೇ. ಗಂಡನನ್ನು ಬಿಟ್ಟು ಬಂದ ಮಗಳಿಗೆ ಮನೆಯಲ್ಲೇ ಕೂತು ಗ್ರಾಹಕರ ಕರೆಗಳಿಗೆ ಉತ್ತರಿಸುವ ಕೆಲಸ ಸಿಗುವಂತಿತ್ತು. ಸೋಮವಾರ ಬೆಳಗ್ಗೆ ಇಂಟರ್ನೆಟ್ಟಿನಲ್ಲೇ ಪರೀಕ್ಷೆ. ಕೆಲಸ ಸಿಕ್ಕರೆ ಇಲ್ಲೇ ಇರುವುದು, ತಪ್ಪಿದರೆ ಗಂಡನ ಮನೆಗೆ ಹಿಂದಿರುಗುವುದು ಎಂದು ಹಿರಿಯರೆದುರು ಮಾತಾಗಿತ್ತು.

ಕೇಬಲ್ ಎಳೆಯುವ ತಂಗಿಯ ಮಗ ಬಂದು ಮೆಟ್ಟಿಲ ಮೇಲೆ ಕೂತ. “ಮಾವ, ನಾಳೆನೇ ಕೇಬಲ್ ಇಂಟರ್ನೆಟ್ ಹಾಕ್ಕೊಡ್ತೀನಿ. ಸ್ಪೀಡು ಮೂರು ಪಟ್ಟು.”

“ನಿನ್ನ ಕೇಬಲ್ಲು ಬೀದಿ ನಲ್ಲಿ ಕಣೋ. ಎಲ್ಲರೂ ಕೊಡ ಇಟ್ರೆ ತೊಟ್ಟಿಕ್ಕುತ್ತೆ. ಡಿಎಸ್‌ಎಲ್ಲು ಅಂದ್ರೆ ನಮ್ಮ ಫೋನ್ ತಂತೀಲೇ ಬರೋ ಇಂಟರ್ನೆಟ್ಟು. ಸ್ವಂತ ಬಾವಿ.”

“ಬಾವಿ ಸ್ವಂತದ್ದೇ ಮಾವ, ಹಗ್ಗ ಮಾತ್ರ ನಾಲ್ಕು ಕಿಲೋಮೀಟರು. ಎಕ್ಸ್‌ಚೇಂಜಿಂದ ಇಲ್ಲಿಗೆ ಬರೋಷ್ಟರಲ್ಲಿ ಅರ್ಧ ಕೊಡ ಖಾಲಿ.”

ಮಗಳು ನಕ್ಕುಬಿಟ್ಟಳು. ಅದು ಅಪ್ಪನಿಗೆ ಚುಚ್ಚಿತು. “ಆ ಲೈನಿನ ಒಂದೊಂದು ಜಾಯಿಂಟೂ ಈ ಕೈ ಹಾಕಿದ್ದು,” ಎಂದ. ಡಿಎಸ್‌ಎಲ್ಲೇ ಬಂತು. ಎರಡು ದಿನ ಚೆನ್ನಾಗಿಯೇ ನಡೆಯಿತು.

ಸೋಮವಾರ ಮಗಳು ಒಳಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಪರೀಕ್ಷೆಗೆ ಕೂತಳು. ಹೊರಗೆ ಇವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಲೈನ್ ಹೇಗಿದೆಯೋ ಎಂದು ರಿಸೀವರ್ ಎತ್ತಿ ಕಿವಿಗಿಟ್ಟ. ಡಯಲ್ ಟೋನ್ ಗುಂಯ್ ಎನ್ನುತ್ತಿತ್ತು.

“ಅಪ್ಪಾ, ನೆಟ್ ಹೋಯ್ತು!”

“ಟೋನ್ ಗಟ್ಟಿಯಾಗಿದೆ ಮಗಳೇ. ನಿನ್ನ ಕಂಪ್ಯೂಟರಿಂದೇ ಏನೋ ತಕರಾರು,” ಎಂದು ರಿಸೀವರ್ ಇಟ್ಟ.

“ಬಂತು, ಬಂತು. ಸುಮ್ನಿರಪ್ಪ.”

ಹತ್ತು ನಿಮಿಷ ಸುಮ್ಮನಿದ್ದ. ಆಮೇಲೆ ಮನಸ್ಸು ತಡೆಯಲಿಲ್ಲ. ಒಟ್ಟು ಐದು ಸಲ ಎತ್ತಿ ಕೇಳಿದ. ನಾಲ್ಕು ಸಲ ಒಳಗಿಂದ ಕೂಗು ಬಂತು. ಐದನೆಯದಕ್ಕೆ ಮಗಳೇ ಹೊರಬಂದಳು.

“ಇಂಥ ಲೈನ್ ಇಟ್ಕೊಂಡು ಕೆಲಸ ಆಗಲ್ಲ ಅಂದ್ರು ಕಂಪನಿಯವ್ರು. ಮುಗೀತು.”

ಸಂಜೆ ತಂಗಿಯ ಮಗ ಬಂದು ಫೋನಿನ ಹಿಂದೆ ಬಗ್ಗಿ ನೋಡಿದ. “ಮಾವ, ಇಲ್ಲಿ ಸಣ್ಣದೊಂದು ಫಿಲ್ಟರ್ ಡಬ್ಬಿ ಇರಬೇಕಲ್ಲ?”

“ಕಿತ್ತಿಟ್ಟೆ. ಒಳ್ಳೇ ಲೈನಿಗೆ ಅದ್ಯಾಕೆ ಅಡ್ಡ?”

“ಅಯ್ಯೋ, ಅದಿಲ್ದೆ ರಿಸೀವರ್ ಎತ್ತಿದ್ರೆ ಇಂಟರ್ನೆಟ್ ಕಡಿದುಹೋಗುತ್ತೆ. ಬೆಳಗ್ಗೆ ಯಾರಾದ್ರೂ ಎತ್ತಿದ್ರಾ?”

ಲೈನ್‌ಮನ್ ಗೋಡೆ ನೋಡಿದ. “ಇಲ್ಲ,” ಎಂದ.

“ಹೌದು ಭಾವ, ಯಾರೂ ಎತ್ತಲಿಲ್ಲ,” ಎಂದಳು ಮಗಳು. “ಟೋನೇ ಎದ್ದು ಬಂದು ಅಪ್ಪನ ಕಿವೀಲಿ ಕೂತಿತ್ತು.”

ಅಟ್ಟದ ಮೇಲಿನ ಸೂಟ್‌ಕೇಸ್ ಇಳಿಸಲು ಸ್ಟೂಲು ಎಳೆದುಕೊಂಡಳು. ಅದು ಅಲುಗುತ್ತಿತ್ತು. ಹಿಡಿದುಕೊಳ್ಳಲು ಅವನು ಎದ್ದು ಬಂದ.

“ಬೇಡ,” ಎಂದಳು.