ಕನ್ನಡಕದ ಕುಲಾವಿ

ಅಂಗಡಿಯ ಬಾಗಿಲು ತೆಗೆದು ಗಾಜಿನ ಕಪಾಟುಗಳನ್ನು ಇನ್ನೂ ಒರೆಸಿ ಮುಗಿದಿರಲಿಲ್ಲ. ಅಷ್ಟರಲ್ಲೇ ಕನ್ನಡಕದಂಗಡಿಯ ಯಜಮಾನರು ಕೋಟಿನ ಜೇಬಿನಿಂದ ಒಂದು ವಸ್ತು ತೆಗೆದು ಕೌಂಟರಿನ ಮೇಲಿಟ್ಟರು. ಬೂದು ಉಣ್ಣೆಯಲ್ಲಿ ಹೆಣೆದದ್ದು, ಒಂದು ಗೇಣುದ್ದ. ಒಂದು ತುದಿ ತೆರೆದಿತ್ತು, ಇನ್ನೊಂದು ತುದಿ ದುಂಡಗೆ ಮುಚ್ಚಿತ್ತು, ಬಾಯಿಯ ಸುತ್ತ ಸಾಸಿವೆ ಬಣ್ಣದ ಒಂದು ಪಟ್ಟೆ. ಯಜಮಾನರು ಅದರೊಳಗೆ ಕೈ ಹಾಕಿ ತಮ್ಮ ಕನ್ನಡಕ ತೆಗೆದು ಮೂಗಿಗೇರಿಸಿ, ದೊಡ್ಡ ಪತ್ತೇದಾರನ ಠೀವಿಯಲ್ಲಿ ಸುತ್ತ ನೋಡಿದರು.

"ಇದೇನು, ಹೇಳಿ ನೋಡೋಣ?"

ಲೆನ್ಸು ಉಜ್ಜುವವನು ಒಳಗಿನಿಂದ ಕತ್ತು ಚಾಚಿದ. "ಮಗು ಟೋಪಿ ಇರ್ಬೇಕು ಸಾರ್."

"ಇಷ್ಟುದ್ದ ತಲೆ ಇರೋ ಮಗೂನ ಎಲ್ಲಾದ್ರೂ ನೋಡಿದ್ದೀಯೇನಯ್ಯಾ?"

"ಹಾಗಾದ್ರೆ ನೀರಿನ ಬಾಟ್ಲಿಗೆ."

"ಹಾಕಿ ನೋಡ್ದೆ, ಲೊಡಲೊಡ ಅನ್ನುತ್ತೆ. ನಮ್ಮನೆಯವಳು ಮೊಬೈಲ್ ಹಾಕಿಟ್ಳು. ಅದು ಒಳಗೇ ಬಡ್ಕೋತಾ ಇದ್ರೂ ಕೇಳಿಸ್ದೆ ಮನೆಯೆಲ್ಲಾ ಜಾಲಾಡಿದ್ವಿ. ಕನ್ನಡಕಕ್ಕೆ ಮಾತ್ರ ಹೇಳಿ ಮಾಡಿಸಿದ ಹಾಗಿದೆ. ಆದ್ರೆ ಕನ್ನಡಕಕ್ಕೆ ಮಾಡಿದ್ದಲ್ಲ. ಇಷ್ಟು ವರ್ಷ ಇದೇ ಕಸುಬು ಮಾಡಿದೋನಿಗೆ ಅಷ್ಟೂ ಗೊತ್ತಾಗಲ್ವಾ? ನೀನು ಹೇಳಮ್ಮ, ನೀನು ಜಾಣೆ."

ಕೊನೆಯ ಮಾತು ಕೌಂಟರಿನ ಹಿಂದೆ ಕೂತು ಗಿರಾಕಿಗಳಿಗೆ ಫ್ರೇಮು ತೋರಿಸುವ ಹೆಂಗಸಿಗೆ. ಅವಳನ್ನು ನಾವು ಸೊಸೆ ಎಂದೇ ಕರೆಯೋಣ. ಈ ಫಜೀತಿಯನ್ನೆಲ್ಲ ತಂದಿಟ್ಟವರು ಅವಳ ಅತ್ತೆಯಾದ್ದರಿಂದ ಅದೇ ಸರಿ. ಆ ಸಾಸಿವೆ ಪಟ್ಟೆ ಕಂಡದ್ದೇ ಸೊಸೆ ಎಡಗಾಲನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡಿದ್ದಳು.

"ಗೊತ್ತಿಲ್ಲ ಸಾರ್," ಎಂದಳು.

ಗೊತ್ತಿಲ್ಲದೆ ಏನು, ಅದು ಅವಳ ಕಾಲಿನದೇ. ಸೊಸೆಯ ಎಡಗಾಲು ಮೊಣಕಾಲಿನಿಂದ ಸ್ವಲ್ಪ ಕೆಳಕ್ಕೆ ಬಂದು ಮುಗಿದುಬಿಡುತ್ತದೆ. ಮದುವೆಯಾದ ಹೊಸದರಲ್ಲಿ ಒಂದು ಲಾರಿ ಮಾಡಿದ ಕೆಲಸ. ಅಲ್ಲಿಂದ ಕೆಳಗಿನದು ಕೃತಕ ಕಾಲು. ಆ ಮೊಟಕು ಕಾಲಿಗೆ ಉಣ್ಣೆಯದೊಂದನ್ನು ತೊಡಿಸಿ, ಆಮೇಲೆ ಕೃತಕ ಕಾಲಿನ ಬಟ್ಟಲಿಗೆ ಇಳಿಸಬೇಕು. ಇಲ್ಲದಿದ್ದರೆ ಚರ್ಮ ಉಜ್ಜಿ ಹುಣ್ಣಾಗುತ್ತದೆ. ಅತ್ತೆ ಅದಕ್ಕೆ ಇಟ್ಟ ಹೆಸರು ಕುಲಾವಿ.

ಇದು ಅಂಗಡಿಯಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾಗಲು ಅವಳು ಬಿಟ್ಟೂ ಇಲ್ಲ. ಹಿಂದೆ ಕೆಲಸಕ್ಕಿದ್ದ ಬಟ್ಟೆಯಂಗಡಿಯಲ್ಲಿ ಸುದ್ದಿ ಬಯಲಾದದ್ದೇ ತಡ, ಎಲ್ಲರೂ ಅವಳ ಕೈಯಿಂದ ಕೆಲಸ ಕಿತ್ತುಕೊಳ್ಳತೊಡಗಿದ್ದರು. ಪಾಪ, ನೀನು ಕೂತ್ಕೋ. ಪಾಪ, ನೀನು ಎತ್ತಬೇಡ. ಕೊನೆಗೊಂದು ದಿನ ಅಲ್ಲಿನ ಯಜಮಾನಿ ಬಹಳ ಪ್ರೀತಿಯಿಂದ, "ಪಾಪ, ನೀನು ಮನೇಲೇ ಆರಾಮಾಗಿರಮ್ಮ" ಎಂದು ಬಾಗಿಲು ತೋರಿಸಿದ್ದಳು. ಬೈದು ಕಳಿಸಿದ್ದರೆ ಸೊಸೆ ಇಷ್ಟು ನೊಂದುಕೊಳ್ಳುತ್ತಿರಲಿಲ್ಲ. ಇಲ್ಲಿ ಹಾಗಾಗಕೂಡದೆಂದು ಅಗಲ ಕಾಲಿನ ಪ್ಯಾಂಟು ತೊಟ್ಟು ಎಲ್ಲರಿಗಿಂತ ಮೊದಲೇ ಬಂದು ಕೂರುತ್ತಿದ್ದಳು. ಮೇಲಿನ ಅಟ್ಟಣೆಯ ಫ್ರೇಮು ಬೇಕೆಂದರೆ ನಗುನಗುತ್ತಲೇ ಏಣಿ ಹತ್ತುತ್ತಿದ್ದಳು. ಹಲ್ಲು ಕಚ್ಚುವುದೇನಿದ್ದರೂ ಗೋಡೆಯ ಕಡೆ ಮುಖ ಮಾಡಿಕೊಂಡೇ.

ಸಂಜೆ ಮನೆಗೆ ಬಂದವಳೇ ಚೀಲ ಕೆಳಗಿಡದೆ ಕೇಳಿದಳು. "ಅತ್ತೆ, ಕೀಚೈನಿನ ಜೊತೆ ಏನು ಕಳಿಸಿದ್ರಿ?"

ಕೀಚೈನಿನ ಕತೆ ಇಷ್ಟು. ಕಾಲಿಲ್ಲದವರಿಗೆ ಪುಕ್ಕಟೆ ಕಾಲು ಮಾಡಿಕೊಡುವ ಒಬ್ಬರಿದ್ದಾರೆ. ಹಿಂದೆ ಶಾಲೆಯಲ್ಲಿ ಕೈಕೆಲಸ ಕಲಿಸುತ್ತಿದ್ದವರು, ಈಗ ಎಲ್ಲರ ಬಾಯಲ್ಲೂ ಕಾಲು ಮೇಷ್ಟ್ರು. ಒಂದು ಹಳೇ ಗ್ಯಾರೇಜೇ ಅವರ ಕಾರ್ಖಾನೆ, ಕಾಲು ಪಡೆದುಕೊಂಡವರು ಮತ್ತು ಅವರ ಮನೆಯವರೇ ಕೆಲಸಗಾರರು, ಸಂಬಳವೆಂದರೆ ಟೀ. ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಮೆತ್ತಗೆ ಮಾಡುವ ಅಲ್ಲಿನ ಓವನ್ ಈಚೆಗೆ ಕೈಕೊಟ್ಟಿತ್ತು. ಅದಿಲ್ಲದೆ ಕಾಲಿಲ್ಲ. ಒಬ್ಬ ಪೋಸ್ಟ್‌ಮ್ಯಾನ್ ಪ್ರತಿ ಭಾನುವಾರ ಊರುಗೋಲಿನ ಮೇಲೆ ಬಂದು, ತಣ್ಣಗಿದ್ದ ಓವನ್ನಿನ ಬೆನ್ನು ತಟ್ಟಿ, ಆರೋಗ್ಯ ವಿಚಾರಿಸಿಕೊಂಡು ವಾಪಸು ಹೋಗುತ್ತಿದ್ದ. ಅವನು ನಗುತ್ತಲೇ ಹೋಗುತ್ತಿದ್ದ. ನೋಡುವವರಿಗೆ ನಗು ಬರುತ್ತಿರಲಿಲ್ಲ.

ಹೊಸ ಓವನ್ನಿಗಾಗಿ ಹಳೆಯ ದಾನಿಗಳನ್ನೇ ಮತ್ತೆ ಕೇಳಬೇಕಿತ್ತು. ಕನ್ನಡಕದ ಯಜಮಾನರೂ ಅವರಲ್ಲೊಬ್ಬರೆಂದು ಸೊಸೆಗೆ ಈವತ್ತಿನವರೆಗೆ ತಿಳಿದಿರಲಿಲ್ಲ. ಬರಿಗೈಯಲ್ಲಿ ಕೇಳುವುದು ಹೇಗೆ, ಹಿಂದೆ ಕೊಟ್ಟದ್ದಕ್ಕೆ ಕೃತಜ್ಞತೆಯೆಂದು ಏನಾದರೂ ಕಳಿಸಿದರೆ ಮನಸ್ಸು ಕರಗೀತು ಎಂದು ಮೇಷ್ಟ್ರು ಯೋಚಿಸಿದರು. ಅಂಗಡಿಯಲ್ಲಿ ಕೆಲಸ ಮಾಡುವ ಸೊಸೆಗೆ ಜನರ ರುಚಿ ಗೊತ್ತಿರುತ್ತದೆಂದು ಉಡುಗೊರೆ ಆರಿಸುವ ಕೆಲಸ ಅವಳ ತಲೆಗೆ ಬಂತು. ಅವಳು ಪುಟಾಣಿ ಬೂಟಿನ ಆಕಾರದ ಕೀಚೈನು ಆರಿಸಿದಳು. ಓವನ್ ಕೆಟ್ಟ ವಿಷಯ ಬರೆದ ಮೇಷ್ಟ್ರ ಪತ್ರದೊಂದಿಗೆ ಅದನ್ನು ಕವರಿಗೆ ಹಾಕಿ ಅಂಚೆಗೆ ಕೊಡುವ ಕೆಲಸ ಮನೆಯಲ್ಲಿರುವ ಅತ್ತೆಯದಾಯಿತು.

"ಜೊತೆಗೇನೂ ಕಳಿಸ್ಲಿಲ್ಲ," ಎಂದರು ಅತ್ತೆ, ಸೂಜಿಯಿಂದ ಕಣ್ಣೆತ್ತದೆ. "ಬರೀ ಕೀಚೈನು ಕವರಲ್ಲಿ ಹಾಕಿದ್ರೆ ಗಲಗಲ ಅನ್ನುತ್ತೆ. ದಾನ ಕೊಟ್ಟೋರಿಗೆ ಹಾಗಾ ಕಳಿಸೋದು? ನಿನ್ನ ಹಳೇ ಕುಲಾವಿಗಳು ಬೀರು ತುಂಬಾ ಬಿದ್ದಿದ್ವು. ಒಂದೊಂದರೊಳಗೆ ಒಂದೊಂದು ಇಟ್ಟು ಮಡಚಿದೆ. ಎಲ್ಲಾ ಒಗೆದದ್ದೇ ಕಣೇ, ಯಾಕೆ ಮುಖ ಹಾಗೆ ಮಾಡ್ತೀಯ?"

ಸೊಸೆ ತಲೆಯ ಮೇಲೆ ಕೈಹೊತ್ತು ಕೂತಳು. ಆ ಬೀರುವಿನ ಕುಲಾವಿಗಳೆಲ್ಲ ಅವಳ ಅಳತೆಯವು. ಹೊಸದಾಗಿ ಕಾಲು ಹಾಕಿಕೊಂಡಾಗ ಅತ್ತೆ ಹೆಣೆದ ಮೊದಲನೆಯದರ ತುದಿಯಲ್ಲಿ ಒಂದು ಹೊಲಿಗೆ ಗಂಟಿತ್ತು. ಸೊಸೆ, ಚೆನ್ನಾಗಿದೆ ಅತ್ತೆ, ಎಂದಿದ್ದಳು. ಅತ್ತೆ ಅವಳ ಮಾತು ಕೇಳದೆ ಮುಖ ನೋಡಿ, ಇನ್ನೊಂದು ಹೆಣೆದರು. ಅದೂ ಒತ್ತಿತು. ಮತ್ತೊಂದು. ತುದಿಯಲ್ಲಿ ಗಂಟೇ ಇಲ್ಲದಂತೆ ಹೆಣೆಯುವುದನ್ನು ಕೈ ಕಲಿಯುವ ಹೊತ್ತಿಗೆ ಬೀರು ತುಂಬಿಹೋಗಿತ್ತು. ಈಗ ಅವೆಲ್ಲ ಊರಿನ ಮನೆಮನೆಗಳಲ್ಲಿ ಕೂತಿವೆ, ತನ್ನ ಬಚ್ಚಿಟ್ಟ ಕಾಲು ತನಗೆ ಹೇಳದೆ ಕೇಳದೆ ಊರು ಸುತ್ತಲು ಹೊರಟಿದೆ ಎಂದು ಅವಳಿಗೆ ಅನ್ನಿಸಿತು. ಸಿಟ್ಟು ಬಂತು, ಜೊತೆಗೇ ಯಾಕೋ ನಗುವೂ ಬಂತು.

ಭಾನುವಾರ ಗ್ಯಾರೇಜಿನಲ್ಲಿ ಫೋನಿನ ಮುಂದೆ ಕೂರುವುದು ಸೊಸೆಯ ಪಾಳಿ. ಸಾಮಾನ್ಯವಾಗಿ ಆ ಫೋನು ಸತ್ತಂತೆ ಬಿದ್ದಿರುತ್ತಿತ್ತು. ಆವತ್ತು ಬಿಡುವೇ ಕೊಡಲಿಲ್ಲ. ಕೀಚೈನಿನ ಮಾತೆತ್ತಿದವರು ಇಲ್ಲವೇ ಇಲ್ಲ ಎನ್ನಬಹುದು. ಎಲ್ಲರಿಗೂ ಬೇಕಾದದ್ದು ಒಂದೇ, ಇದೇನು? ಒಬ್ಬಾಕೆ ಅದನ್ನು ಬೆಕ್ಕಿಗೆ ತೊಡಿಸಲು ಹೋಗಿ ಕೈ ಪರಚಿಸಿಕೊಂಡಿದ್ದಳು. ಒಬ್ಬ ಮುದುಕರು ತಮಗೂ ಹೆಂಡತಿಗೂ ಪಂದ್ಯವಾಗಿದೆ, ಇದು ಕೈಚೀಲವೋ ಟೋಪಿಯೋ ಹೇಳಿ, ಸೋತವರು ಇನ್ನಷ್ಟು ದಾನ ಕಳಿಸುತ್ತೇವೆ ಎಂದರು. ಸೊಸೆ ಎಲ್ಲರಿಗೂ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ, "ನಿಮಗೆ ಹೇಗೆ ಬೇಕೋ ಹಾಗೆ ಉಪಯೋಗಿಸಿ" ಎನ್ನುತ್ತಾ ಹೋದಳು. ಒಂದು ಕರೆಯಲ್ಲಿ ತೀರಾ ಪರಿಚಯದ ಗಂಟಲು ಕೇಳಿಸಿತು. ಅವಳು ಧ್ವನಿಯನ್ನು ಸಣ್ಣಗೆ ಮಾಡಿ ಅದೇ ಮಾತು ಹೇಳಿ ಫೋನು ಕುಕ್ಕಿದಳು.

ಕಾಲು ಮೇಷ್ಟ್ರಿಗೆ ಖುಷಿಯೋ ಖುಷಿ. "ಇಷ್ಟು ವರ್ಷ ರಶೀದಿ ಕಳಿಸಿದ್ವಿ, ಒಬ್ರಾದ್ರೂ ಫೋನ್ ಮಾಡಿ, ನೀವೇನು ಮಾಡ್ತೀರಿ ಅಂತ ಕೇಳಿದ್ರಾ? ಈಗ ನೋಡು, ಊರಿನ ತಲೆಗೆಲ್ಲಾ ಹುಳ ಬಿಟ್ಟಿದ್ದಾರೆ ನಿಮ್ಮತ್ತೆ!"

"ನೀವೇ ಹೇಳಿಬಿಡಿ ಮೇಷ್ಟ್ರೇ, ಇದು ಏನು ಅಂತ."

ಮೇಷ್ಟ್ರ ನಗು ನಿಂತಿತು. "ಕುಲಾವಿ ನಿನ್ನದಮ್ಮ. ಹೇಳೋದೂ ಬಿಡೋದೂ ನಿನ್ನಿಷ್ಟ. ನಿನಗೆ ಬೇಡ ಅಂದ್ರೆ ನನ್ನ ಬಾಯಿಗೆ ಬೀಗ." ಆಮೇಲೆ ಅವರು ಓವನ್ನಿನ ಕಡೆ ನೋಡಲಿಲ್ಲ. ನೋಡದೇ ಇರಲು ಪಟ್ಟ ಕಷ್ಟ ಮಾತ್ರ ಸೊಸೆಗೆ ಕಂಡಿತು.

ಕನ್ನಡಕದ ಯಜಮಾನರ ವಿಚಾರಕ್ಕೆ ಬರೋಣ. ಅವರದು ಒಂದು ವಿಚಿತ್ರ ಪದ್ಧತಿ. ಹೊಸ ಕನ್ನಡಕ ತೊಟ್ಟ ಗಿರಾಕಿಗೆ ಅವರು ಕನ್ನಡಿ ಹಿಡಿಯುವುದು ಆಮೇಲೆ, ಚೆನ್ನಾಗಿದೆಯಾ ಎಂದಂತೂ ಕೇಳುವುದೇ ಇಲ್ಲ. ಸಣ್ಣ ಸ್ಕ್ರೂಡ್ರೈವರು ಕೈಲಿ ಹಿಡಿದು, "ಎಲ್ಲಿ ಒತ್ತುತ್ತೆ?" ಎನ್ನುತ್ತಾರೆ. ಎಲ್ಲೂ ಇಲ್ಲ ಎಂದರೆ ಒಪ್ಪುವ ಆಸಾಮಿಯಲ್ಲ. "ಒತ್ತದ ಕನ್ನಡಕ ನಾನಿನ್ನೂ ನೋಡಿಲ್ಲ, ನಾಚ್ಕೋಬೇಡಿ, ಹೇಳಿ," ಎಂದು ಕಾಯುತ್ತಾರೆ. ಆಗ ಗಿರಾಕಿ ಮೆಲ್ಲಗೆ ಕಿವಿಯ ಹಿಂದೆ ಬೆರಳಿಟ್ಟು ತೋರಿಸುತ್ತಾನೆ.

ಅಂಥವರು ಒಂದು ಗಂಟು ಬಿಚ್ಚದೆ ಸುಮ್ಮನಿರುತ್ತಾರೆಯೇ? ಶನಿವಾರ ಬೆಳಿಗ್ಗೆ ಬಂದವರೇ ಶುರುಹಚ್ಚಿಕೊಂಡರು.

"ನೋಡಮ್ಮಾ, ತೀರ್ಮಾನ ಮಾಡಿದ್ದೀನಿ. ನಮ್ಮಲ್ಲಿ ಕನ್ನಡಕ ತಗೊಂಡೋರಿಗೆಲ್ಲಾ ಇಂಥದ್ದೊಂದು ಕೊಡೋದು. ಒಂದೊಂದಕ್ಕೂ ಆ ಕಾಲಿನ ಸಂಘಕ್ಕೆ ದುಡ್ಡು. ಅದೇನೋ ಓವನ್ ಕೆಟ್ಟಿದೆಯಂತಲ್ಲ, ಅದಕ್ಕೆ ಬೇಕಾದ್ದನ್ನ ಮುಂಗಡಾನೇ ಕೊಟ್ಟುಬಿಡ್ತೀನಿ. ಆದ್ರೆ ಏನು ಅಂತ ಗೊತ್ತಿಲ್ಲದ ವಸ್ತೂನ ಗಿರಾಕಿ ಕೈಗೆ ಕೊಡೋ ಪೈಕಿ ನಾನಲ್ಲ. ಫೋನ್ ಮಾಡಿದ್ರೆ ಯಾರೋ ಹೆಂಗಸು, ಹೇಗೆ ಬೇಕೋ ಹಾಗೆ ಉಪಯೋಗಿಸಿ ಅಂದ್ಲು. ಎಲ್ಲೋ ಕೇಳಿದ ಧ್ವನಿ! ನಾಳೆ ನಾನೇ ಹೋಗ್ತೀನಿ."

ಸೊಸೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನಾಳೆ ತಲೆನೋವೆಂದು ಗ್ಯಾರೇಜಿಗೆ ಹೋಗದೆ ಇರಬಹುದು. ಮೇಷ್ಟ್ರು ಕೊಟ್ಟ ಮಾತಿಗೆ ತಪ್ಪುವವರಲ್ಲ, ಬಾಯಿಗೆ ಬೀಗ ಎಂದರೆ ಬೀಗವೇ. ಯಜಮಾನರು ಏನೂ ತಿಳಿಯದೆ ವಾಪಸು ಬರುತ್ತಾರೆ, ಓವನ್ನೂ ತಣ್ಣಗೇ ಉಳಿಯುತ್ತದೆ, ಪೋಸ್ಟ್‌ಮ್ಯಾನ್ ಅದರ ಬೆನ್ನು ತಟ್ಟಿ ನಗುತ್ತಾ ಹೋಗುತ್ತಾನೆ. ತನ್ನ ಕೆಲಸವೂ ಉಳಿಯುತ್ತದೆ. ಎಷ್ಟು ಸುಲಭ ಎಂದುಕೊಂಡಳು, ಎಷ್ಟು ಅಸಹ್ಯ ಎಂದೂ ಅನ್ನಿಸಿತು.

"ಅದಿರಲಿ, ಮೇಲಿಂದ ಮಕ್ಕಳ ಫ್ರೇಮಿನ ಡಬ್ಬ ಇಳಿಸಮ್ಮ," ಎಂದರು ಯಜಮಾನರು.

ಸೊಸೆ ಎದ್ದು ಏಣಿಯ ಹತ್ತಿರ ಹೋದಳು. ಕೈ ಇಟ್ಟಳು, ಕಾಲು ಇಡಲಿಲ್ಲ.

"ಸಾರ್, ಆ ಕುಲಾವಿ ಇಲ್ಲಿ ಕೊಡಿ."

"ಏನು ಕೊಡಲಿ?"

"ಕುಲಾವಿ. ಅದರ ಹೆಸರು."

ಯಜಮಾನರು ಕನ್ನಡಕ ಹೊರತೆಗೆದು, ಉಣ್ಣೆಯದನ್ನು ಕೊಟ್ಟು, ಉಸಿರು ಬಿಗಿಹಿಡಿದು ನೋಡಿದರು. ಸೊಸೆ ಗಿರಾಕಿಗಳ ಕುರ್ಚಿಯಲ್ಲಿ ಕೂತು, ಎಡಗಾಲಿನ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಪ್ಲಾಸ್ಟಿಕ್ಕಿನ ಮೇಲೆ ಬೆರಳ ಗೆಣ್ಣಿನಿಂದ ಬಾಗಿಲು ಬಡಿದ ಹಾಗೆ ಬಡಿದಳು. ಕುಲಾವಿಯನ್ನು ಅದರ ಪಕ್ಕಕ್ಕೆ ಹಿಡಿದಳು. "ಇದರೊಳಗಿರೋ ಕಾಲಿಗೆ ಸಾರ್. ನಮ್ಮತ್ತೆ ಹೆಣೆದದ್ದು. ಫೋನಲ್ಲಿ ಮಾತಾಡಿದ್ದೂ ನಾನೇ."

ಒಳಗೆ ಲೆನ್ಸು ಉಜ್ಜುವ ಸದ್ದು ನಿಂತಿತು. ಸೊಸೆ ನೆಲ ನೋಡುತ್ತಾ ಕಾದಳು. ಮುಂದಿನ ಮಾತುಗಳೆಲ್ಲ ಅವಳಿಗೆ ಬಾಯಿಪಾಠ. ಹೇಗಾಯ್ತು ಎನ್ನುತ್ತಾರೆ. ಯಾಕೆ ಮುಚ್ಚಿಟ್ಟೆ ಎನ್ನುತ್ತಾರೆ. ಆಮೇಲೆ ಆ ಪಾಪ ಬರುತ್ತದೆ. ಒಂದೊಂದಕ್ಕೂ ಅವಳ ಬಳಿ ಉತ್ತರ ಸಿದ್ಧವಿತ್ತು. ಕೊನೆಯದಕ್ಕೆ ಮಾತ್ರ ಎದ್ದು ಹೋಗುವುದೆಂದು ಚೀಲವನ್ನೂ ಕಣ್ಣಿನಲ್ಲೇ ಹುಡುಕಿಕೊಂಡಿದ್ದಳು.

ಯಜಮಾನರು ಕನ್ನಡಕ ಏರಿಸಿಕೊಂಡು, ಅವಳ ಮುಂದೆ ಸ್ಟೂಲು ಎಳೆದು ಕೂತರು. ಕೃತಕ ಕಾಲನ್ನು ಮೇಲಿಂದ ಕೆಳಗೆ, ಆಮೇಲೆ ಕೆಳಗಿಂದ ಮೇಲೆ, ಹೊಸ ಫ್ರೇಮು ನೋಡುವಷ್ಟೇ ಗಮನವಿಟ್ಟು ನೋಡಿದರು. ಅಭ್ಯಾಸಬಲದಿಂದ ಕೈ ಜೇಬಿನ ಸ್ಕ್ರೂಡ್ರೈವರಿಗೆ ಹೋಗಿತ್ತು. ಅದು ಇಲ್ಲಿ ಉಪಯೋಗಕ್ಕೆ ಬಾರದೆಂದು ಹೊಳೆದು ಮತ್ತೆ ಒಳಗಿಟ್ಟರು.

"ಎಲ್ಲಿ ಒತ್ತುತ್ತೆ?" ಎಂದರು.

ಸೊಸೆ ತಲೆಯೆತ್ತಿದಳು. "ಎಲ್ಲೂ ಇಲ್ಲ ಸಾರ್," ಎನ್ನಹೊರಟಳು.

"ನಾಚ್ಕೋಬೇಡ, ಹೇಳಮ್ಮ," ಎಂದು ಯಜಮಾನರು ಕಾದರು.

ಸೊಸೆಯ ಕಣ್ಣು ತುಂಬಿ ಬಂತು. ಅವಳು ಮೊಣಕಾಲಿನ ಕೆಳಗೆ, ಒಳಬದಿಗೆ, ಬೆರಳಿಟ್ಟು ತೋರಿಸಿದಳು. "ಇಲ್ಲಿ. ಏಣಿ ಹತ್ತುವಾಗ."

ಯಜಮಾನರು ತಲೆಯಾಡಿಸಿದರು. ಎದ್ದು, ತಾವೇ ಏಣಿ ಹತ್ತಿ, ಮಕ್ಕಳ ಫ್ರೇಮಿನ ಡಬ್ಬಗಳನ್ನು ಒಂದೊಂದಾಗಿ ಇಳಿಸಿ ಕೌಂಟರಿನ ಕೆಳಗಿನ ಖಾನೆಗೆ ಜೋಡಿಸತೊಡಗಿದರು. "ಇನ್ಮೇಲೆ ಇವು ಇಲ್ಲೇ ಇರಲಿ, ಲೆಕ್ಕ ನಿನ್ನದೇ," ಎಂದರು. ಅರ್ಧ ಜೋಡಿಸಿದ ಮೇಲೆ ಏನೋ ನೆನಪಾಗಿ ತಿರುಗಿ, "ಆ ಕುಲಾವಿ ನನಗೆ ವಾಪಸು ಕೊಡಮ್ಮಾ. ನಾಳೆ ಮೇಷ್ಟ್ರ ಹತ್ರ ಹೋಗೋವಾಗ ಕನ್ನಡಕ ಯಾವುದರಲ್ಲಿ ಇಟ್ಕೊಳ್ಳಲಿ?" ಎಂದರು.