ಕೂತು ನೋಡಿ ತಂದ ಸೋಫಾ

ರಬಕವಿಯ ಸುಪಾರ್ಶ್ವರ ಮನೆಗೆ ಸೊಸೆಯಾಗಿ ಬಂದು ವರ್ಷಗಳೇ ಕಳೆದಿದ್ದರೂ ಭಾಗ್ಯಾ ಮಾವನ ಎದುರು ಕುರ್ಚಿಯಲ್ಲಿ ಕೂತವಳಲ್ಲ. ಕೂಡಬೇಡ ಎಂದು ಯಾರೂ ಹೇಳಿರಲಿಲ್ಲ. ಅತ್ತೆ ಶಾಂತವ್ವ ಕೂಡುತ್ತಿರಲಿಲ್ಲ, ಇವಳೂ ಕೂಡಲಿಲ್ಲ, ಅಷ್ಟೆ. ಪತ್ತಿನ ಸಂಘದಲ್ಲಿ ಅವಳು ಮ್ಯಾನೇಜರು. ಅಲ್ಲಿ ಊರಿನ ಹಿರಿಯರೇ ಅವಳ ಟೇಬಲ್ಲಿನ ಮುಂದೆ ನಿಂತು ಮಾತಾಡುತ್ತಿದ್ದರು.

ಮನೆಯ ಹಳೆಯ ಸೋಫಾ ಕುಸಿದುಹೋಗಿತ್ತು. ಮೊಣಕಾಲು ನೋವಿನ ಮಾವ ಅದರಲ್ಲಿ ಕೂತರೆ ಏಳಿಸಲು ಯಾರಾದರೂ ಕೈ ಕೊಡಬೇಕು. ಗಂಡ ನೇಮಿರಾಜನಿಗೆ ಮುಧೋಳದ ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮಿನ ಗದ್ದಲ. "ಅಪ್ಪಾರ್ನ ಕರ್ಕೊಂಡು ನೀನ ಹೋಗಿ ಬಾ" ಎಂದುಬಿಟ್ಟ. ಹೀಗಾಗಿ ಒಂದು ಭಾನುವಾರ ಮಾವ-ಸೊಸೆ ಇಬ್ಬರೇ ಹೊಸ ಸೋಫಾ ಕೊಳ್ಳಲು ಜಮಖಂಡಿಯ ಫರ್ನಿಚರ್ ಅಂಗಡಿಗೆ ಹೋದರು.

"ಕೂತ ನೋಡ್ರಿ ಮೇಡಮ್ಮಾರ" ಎಂದ ಅಂಗಡಿಯ ಕಾಶಪ್ಪ. ಭಾಗ್ಯಾ ಕೂಡಲಿಲ್ಲ. ಅಂಗೈಯಿಂದ ಒತ್ತಿ ನೋಡಿದಳು. ಮೂಲೆ ಹಿಡಿದೆತ್ತಿ, ಚೌಕಟ್ಟು ಅಲುಗುತ್ತದೆಯೇ ಎಂದು ಪರೀಕ್ಷಿಸಿದಳು. ಕವರು ಬಿಚ್ಚಿ ಒಗೆಯಲು ಬರುತ್ತದೆಯೇ ಎಂದು ಕೇಳಿದಳು. ಕೂಡುವ ಕೆಲಸ ಮಾವನದು.

ಎತ್ತರದ್ದೊಂದು ಅವರ ಮನಸ್ಸಿಗೆ ಬಂತು. "ಛಲೋ ಐತಿ. ಏಳಾಕ ತ್ರಾಸ ಇಲ್ಲ. ನಿನಗ ಹ್ಯಾಂಗ ಅನಸ್ತು?"

"ನಾ ಎಲ್ಲಿ ಕೂಡ್ತೇನ್ರಿ ಮಾವಾರ? ನಿಮಗ ಆರಾಮ ಆದ್ರ ಆತು."

ಆಡಿದ ಮೇಲೆ ಅವಳಿಗೇ ಕಸಿವಿಸಿಯಾಯಿತು. ದೂರಿದಂತೆ ಕೇಳಿಸಿತೇನೋ. ಸುಪಾರ್ಶ್ವರು ತಮ್ಮ ಪಕ್ಕದ ಖಾಲಿ ಜಾಗವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅಂಚಿಗೆ ಸರಿದರು.

"ಕೂಡವಾ."

ಕೂತಳು, ಪರರ ಮನೆಗೆ ಬಂದವರಂತೆ ತುದಿಯಲ್ಲಿ.

"ಹಿಂದ ಸರಿ. ಬೆನ್ನ ಹತ್ತಲಿ."

ಸರಿದಾಗ ಅವಳ ಪಾದಗಳು ನೆಲ ಬಿಟ್ಟು ಮೇಲೆದ್ದವು. ಮಾವ ಅವನ್ನು ನೋಡಿ, "ಕಾಲ ಜೋತಾಡಾಕತ್ತಾವಲ್ಲ," ಎಂದರು. ಮತ್ತೆ ತಡೆದು, "ನಿಮ್ಮತ್ತಿ ಕಾಲ ನೆಲಕ್ಕ ಮುಟ್ಟತಾವೇನ ಇಲ್ಲಿ?" ಎಂದು ಕೇಳಿದರು.

"ಅತ್ತಿ ನನಗಿಂತ ಗಿಡ್ಡ ಅದಾರ್ರಿ."

ಇಷ್ಟು ವರ್ಷ ಜೊತೆಗಿದ್ದ ಹೆಂಡತಿ ಸೋಫಾದಲ್ಲಿ ಕೂತರೆ ಕಾಲು ನೆಲಕ್ಕೆ ಮುಟ್ಟುತ್ತವೆಯೇ ಎಂಬುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗುವ ಸಂದರ್ಭವೇ ಬಂದಿರಲಿಲ್ಲ. ಮುಖ ಸಣ್ಣದು ಮಾಡಿಕೊಂಡು, "ಹಂಗಾರ ಇದ ಬ್ಯಾಡ" ಎಂದರು.

"ನಿಮ್ಮ ಮೊಣಕಾಲಿಗಿ ಎತ್ತರಾನ ಬೇಕಲ್ರಿ," ಎಂದು ಭಾಗ್ಯಾ ಎದ್ದು ಬೇರೆಯವನ್ನು ಹುಡುಕಿದಳು. ಈ ಸಲ ಒಂದೊಂದರಲ್ಲೂ ಬೆನ್ನು ಹಚ್ಚಿ ಕೂತೇ ನೋಡಿದಳು. ಕೊನೆಗೆ ಸಾಗವಾನಿಯದೊಂದು ತಗ್ಗಿನ ಸೋಫಾ, ಮೆತ್ತೆ ತುಸು ಗಟ್ಟಿಯದು, ಆರಿಸಿದಳು. ಮಾವನಿಗೆ ಕೈಯಾಸರೆಯ ಎತ್ತರದ ಕುರ್ಚಿ ಬೇರೆ.

ಸಂಜೆ ಟೆಂಪೋ ಬಂದು ಎರಡನ್ನೂ ಇಳಿಸಿತು. ಸುಪಾರ್ಶ್ವರು ಕುರ್ಚಿಯಲ್ಲಿ ಕೂತು, ಎದ್ದು, ಮತ್ತೆ ಕೂತು, ಪತ್ರಿಕೆ ಬಿಡಿಸಿದರು. ಶಾಂತವ್ವ ಸೆರಗಿನಿಂದ ಸೋಫಾ ಒರೆಸಿದರೇ ಹೊರತು ಕೂಡಲಿಲ್ಲ.

"ಕೂಡ್ರಿ ಅತ್ತಿ."

"ಹೊಸಾದು ಬೇ, ಹೊಲಸ ಆಕೈತಿ."

ಭಾಗ್ಯಾ ತಾನೇ ಮೊದಲು ಕೂತಳು. ಪತ್ರಿಕೆ ಅಲುಗಲಿಲ್ಲ. ಮಾವ ಬೇಕೆಂದೇ ತಲೆ ಎತ್ತುತ್ತಿಲ್ಲವೆಂದು ಅವಳಿಗೆ ತಿಳಿಯಿತು. ಶಾಂತವ್ವ ಸೊಸೆಯನ್ನು ನೋಡಿದರು, ಗಂಡನನ್ನು ನೋಡಿದರು. ನಿಧಾನಕ್ಕೆ ಸೋಫಾದ ಬುಡದಲ್ಲಿ, ನೆಲದ ಮೇಲೆ ಕೂತು ಬೆನ್ನು ಆನಿಸಿದರು.

"ಒರಗಾಕ ಛಲೋ ಐತಿ ನೋಡ" ಎಂದರು.

ಭಾಗ್ಯಾ ಒತ್ತಾಯಿಸಲಿಲ್ಲ. ಪಕ್ಕದ ಜಾಗ ಖಾಲಿ ಇರುವಂತೆ ಸ್ವಲ್ಪ ಸರಿದು ಕೂತಳು.